ಗುಂಡ್ಲುಪೇಟೆಗೆ ಬಂದ ಬ್ರೆಜಿಲ್ ಪೆಟ್ಟಿಗೆ

ಛತ್ರದ ಬಾಡಿಗೆ ಆರು ಸಾವಿರ. ಪ್ರೊಜೆಕ್ಟರಿಗೆ ಮೂರು. ಸಬ್‌ಟೈಟಲ್ಲುಗಳನ್ನು ಕನ್ನಡದಲ್ಲಿ ಬರೆಯಲು ಶಿವರಂಜಿನಿ ಟೀಚರಿಗೆ ಇಡೀ ಬೇಸಿಗೆ ರಜೆ ಹಿಡಿದಿತ್ತು. ಇಷ್ಟು ಸುರಿದು, ಮಧ್ಯಾಹ್ನ ಎರಡಕ್ಕೆ ಬೀರು ತೆಗೆದರೆ — ಹಾರ್ಡ್ ಡಿಸ್ಕ್ ಇಲ್ಲ!

ಬ್ರೆಜಿಲಿನ ಸಿನಿಮಾ ಅದರಲ್ಲಿತ್ತು. ಪೋರ್ಚುಗೀಸ್ ಮಾತಿನ ಚಿತ್ರಗಳಿಗೆ ಕೇರಳದ ಚಿತ್ರೋತ್ಸವಗಳಲ್ಲಿ ಜನ ಸಾಲುಗಟ್ಟುತ್ತಾರೆ. ಗಡಿ ದಾಟಿ ಗುಂಡ್ಲುಪೇಟೆಗೆ ಬಂದದ್ದು ಇದೇ ಮೊದಲು. ಗಡಿಯಾಚೆ ಸುಲ್ತಾನ್ ಬತ್ತೇರಿಯ ಫಿಲ್ಮ್ ಸೊಸೈಟಿಯವರು ಕೊಟ್ಟದ್ದು ಒಂದೇ ಪ್ರತಿ. ಅನುಮತಿ ಇವತ್ತಿನ ಒಂದೇ ಆಟಕ್ಕೆ. ಆಟ ನಡೆದರೆ ಇನ್ನೂ ಐದು ಚಿತ್ರ ಕೊಡಿಸುವುದಾಗಿ ಚಿತ್ರದ ನಿರ್ದೇಶಕಿ ಬ್ರೆಜಿಲಿನಿಂದ ಬರೆದಿದ್ದಳು.

ನಾಲ್ಕಕ್ಕೆ ಜನ ಬರುತ್ತಾರೆ!

ಶಿವರಂಜಿನಿ ಗುರುಸಿದ್ದಯ್ಯನವರಿಗೆ ಫೋನ್ ಮಾಡಿದಳು. ಒಂದು ಕಾಲದಲ್ಲಿ ಚಾಮರಾಜನಗರದಿಂದ ಬಸ್ಸಿನಲ್ಲಿ ಟಾಕೀಸಿಗೆ ರೀಲು ಪೆಟ್ಟಿಗೆ ತರುತ್ತಿದ್ದವರು, ಒಂದನ್ನೂ ಕಳೆದವರಲ್ಲ.

"ಬೀಗ ಒಡೆದವ್ರಾ, ಟೀಚರಮ್ಮ?"

"ಇಲ್ಲ ತಾತ. ಕೀಲಿಕೈ ಮೊಳೇಲೇ ಇತ್ತು."

"ಒಳಗೆ ಯಾರ್ ಬಂದಿದ್ರು?"

"ಛತ್ರದ ಮ್ಯಾನೇಜರ್ ರಂಗಸ್ವಾಮಿ, ಆಪರೇಟರ್ ಚಂದ್ರಕುಮಾರ್. ಇಬ್ರೇ."

ಗುರುಸಿದ್ದಯ್ಯ ಛತ್ರಕ್ಕೇ ಬಂದು ಇಬ್ಬರನ್ನೂ ವಿಚಾರಿಸಿದರು. ರಂಗಸ್ವಾಮಿ ಸಿಡಿದ. "ಇವತ್ತು ಛತ್ರ ನಿಶ್ಚಿತಾರ್ಥಕ್ಕೆ ಕೊಟ್ಟಿದ್ರೆ ಹನ್ನೆರಡು ಸಾವಿರ ಬರೋದು, ನಿಜ. ಅದ್ಕೆ ಕದೀತೀನಾ? ಆ ಡಬ್ಬ ತಕ್ಕಂಡು ಉಪ್ಪಿನಕಾಯಿ ಹಾಕ್ಲಾ?"

ಚಂದ್ರಕುಮಾರ್, ಎಂಟು ವರ್ಷದ ಹಿಂದೆ ಮುಚ್ಚಿದ ಟಾಕೀಸಿನವನು, ತಲೆ ಎತ್ತಲಿಲ್ಲ. "ಮಾದಪ್ಪನಾಣೆ, ನಾನ್ ಕದ್ದಿಲ್ಲ ಕಣಣ್ಣ."

ಗುರುಸಿದ್ದಯ್ಯ ಮೇಜು ನೋಡಿದರು. ಪ್ರೊಜೆಕ್ಟರಿಗೆ ಕುಂಕುಮ. ಒಡೆದ ತೆಂಗಿನಕಾಯಿ. ನಾಲ್ಕು ಅಕ್ಕಿಕಾಳು.

"ಇದೇನ್ಲಾ?"

"ಅಕ್ಷತೆ ಕಣಣ್ಣ. ಬೆಳಗ್ಗೆ ಪೂಜೆ ಮಾಡ್ದೆ."

ಅವರು ಛತ್ರದ ಅಡುಗೆಮನೆಗೆ ನಡೆದರು. ಅಕ್ಕಿ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಮೇಲೆ ಬಂದದ್ದು — ಹಾರ್ಡ್ ಡಿಸ್ಕ್!

"ನಿಮ್ಗೆಂಗ್ ಗೊತ್ತಾಯ್ತು?" ರಂಗಸ್ವಾಮಿ ಬಾಯಿ ಬಿಟ್ಟ.

"ಅಕ್ಷತೆಗೆ ಅರಿಸಿನ ಹಚ್ಚಿರ್ತಾರೆ. ಇದು ಬೆಳ್ಳಗದೆ. ಕುಂಕುಮ ಕಂಡು ಎಲ್ರೂ ಅಕ್ಷತೆ ಅಂದ್ಕಂಡ್ರಿ. ಒಲೆ ಹಚ್ಚದ ದಿನ ಬರೀ ಅಕ್ಕಿಗೆ ಯಾಕೆ ಕೈ ಹಾಕ್ತಾರೆ? ನೆಂದ ಮೊಬೈಲ್ ಒಣಗ್ಸಕೆ ಹಾಕಲ್ವಾ, ಹಂಗೆ. ಹೊಸ ಸಿನಿಮಾ ಬಂದ್ರೆ ಟಾಕೀಸಿನೋರು ಮೊದ್ಲು ಪೆಟ್ಟಿಗೆಗೆ ಪೂಜೆ ಮಾಡೋರು. ಮಿಶಿನ್ನಿಗೆ ಮಾಡ್ದೋನು ಪೆಟ್ಟಿಗೆ ಬುಡ್ತಾನಾ? ಚಂದ್ರ, ಅದರ ಮುಂದೆ ಕಾಯಿ ಒಡ್ದೆ ಅಲ್ವೇನ್ಲಾ?"

ಚಂದ್ರಕುಮಾರ್ ಡಿಸ್ಕಿಗಂಟಿದ ಅಕ್ಕಿ ಒರೆಸಿದ. "ಎಂಟು ವರ್ಷ ಆಗಿತ್ತಣ್ಣ, ಪೆಟ್ಟಿಗೆ ಮುಟ್ಟಿ. ಕಾಯಿ ನೀರೆಲ್ಲ ಅದರ ಮೇಲೇ ಸುರೀತು. ಒಣಗಿದ್ಮೇಲೆ ಇಟ್ಬುಡನ ಅಂತ..."

"ನಮ್ ಕಾಲದ ತಗಡಿನ ಪೆಟ್ಟಿಗೆ ತಡೀತಿತ್ತು ಕಣಪ್ಪ," ಎಂದರು ಗುರುಸಿದ್ದಯ್ಯ.

ಶಿವರಂಜಿನಿ ವಯರ್ ಸಿಕ್ಕಿಸಿದಳು. ಕಿತ್ತು ಮತ್ತೆ ಸಿಕ್ಕಿಸಿದಳು. ಹತ್ತು ಸಲ. ಡಿಸ್ಕಿನ ದೀಪ ಹತ್ತಲಿಲ್ಲ.

ಬಂದ ಎಂಬತ್ತು ಜನ ಹಿಂದಿರುಗಿದರು. ಹಾಳು ಮಾಡಿದವಳು ನಾನೇ ಎಂದು ಶಿವರಂಜಿನಿ ಬ್ರೆಜಿಲಿಗೆ ಬರೆದಳು. ಚಂದ್ರಕುಮಾರನ ಹೆಸರು ಹಾಕಲಿಲ್ಲ. ಮೂರನೇ ದಿನ ಉತ್ತರ ಬಂತು: ಉಳಿದ ಐದು ಚಿತ್ರಗಳನ್ನು ಕೊಡಲಾಗುವುದಿಲ್ಲ.