ಮೂಕಕೊಳ್ಳದಲ್ಲಿ ಮಾಳವ್ವ ಬೈದದ್ದು

ಬಹಳ ಹಿಂದೆ, ಬೆಟ್ಟಗಳೆಲ್ಲ ಈಗಿರುವುದಕ್ಕಿಂತ ಒಂದಾಳು ಎತ್ತರವಾಗಿದ್ದ ಕಾಲದಲ್ಲಿ, ಹೆಪ್ಪುನಾಡು ಅಂತ ಒಂದು ರಾಜ್ಯವಿತ್ತು. ವರ್ಷದಲ್ಲಿ ಹತ್ತು ತಿಂಗಳು ಅಲ್ಲಿ ಹಿಮ ಬೀಳುತ್ತಿತ್ತು. ಉಳಿದ ಎರಡು ತಿಂಗಳು ಜನ ಇವತ್ತು ಬೀಳುತ್ತದೋ ನಾಳೆ ಬೀಳುತ್ತದೋ ಎಂದು ಆಕಾಶ ನೋಡುತ್ತ ಕೂತಿರುತ್ತಿದ್ದರು. ಆ ನಾಡಿನ ರಾಜನ ಹೆಸರು ಶಾಂತವರ್ಮ. ಅವನ ಬಾಯಲ್ಲಿದ್ದದ್ದು ಒಂದೇ ಮಾತು, "ಸಮಾಧಾನ, ಸಮಾಧಾನ." ಹಸು ಹಿಮದಲ್ಲಿ ಸತ್ತಿತು ಅಂದರೆ ಸಮಾಧಾನ. ಮನೆಯ ಮಾಡು ಕುಸಿಯಿತು ಅಂದರೆ ಸಮಾಧಾನ. ಇಂಥ ರಾಜನ ಕತೆ ಹೇಳುವಾಗ ನನಗೇ ಮೈ ಉರಿಯುತ್ತದೆ, ಇನ್ನು ಅವನ ಪ್ರಜೆಗಳ ಪಾಡು ಕೇಳಬೇಕೆ?

ರಾಜ್ಯದ ತುದಿಯಲ್ಲಿ, ಎರಡು ಬೆಟ್ಟಗಳ ನಡುವೆ, ಒಂದು ಆಳವಾದ ಕೊಳ್ಳ. ಅದಕ್ಕೆ ಮೂಕಕೊಳ್ಳ ಅಂತ ಹೆಸರು. ಅದರ ಆ ಕೊನೆಯಲ್ಲಿ ಕುಳಿರಾಂಗ ಎಂಬ ಮಾಂತ್ರಿಕ ಬಂದು ನೆಲೆಸಿದ. ಬಂದವನೇ ರಾಜನಿಗೆ ಹೇಳಿ ಕಳಿಸಿದ: "ಪ್ರತಿ ಚಳಿಗಾಲ ಒಬ್ಬರು, ಒಬ್ಬರೇ, ನನಗೊಂದು ಹೊಸ ಕಂಬಳಿ ಹೊತ್ತು ತರಬೇಕು. ಕೊಳ್ಳದಲ್ಲಿ ತುಟಿಪಿಟಕ್ ಅನ್ನಬಾರದು. ಒಂದೇ ಒಂದು ಮಾತು ಆಡಿದರೂ ಬೆಟ್ಟದ ಮೇಲಿನ ಹಿಮವೆಲ್ಲ ಕುಸಿದು ನಿಮ್ಮ ರಾಜ್ಯ ಮುಚ್ಚಿಹೋಗುತ್ತದೆ."

ರಾಜ "ಸಮಾಧಾನ" ಅಂದ, ಡಂಗುರ ಹೊಡೆಸಿದ. ಮನೆಮನೆ ಸರದಿಯಂತೆ ಒಂಬತ್ತು ಚಳಿಗಾಲ ಒಂಬತ್ತು ಜನ ಹೋದರು. ಒಬ್ಬರೂ ಹಿಂದಿರುಗಲಿಲ್ಲ. ಅವರೆಲ್ಲ ಆ ಕಡೆಯ ಬಿಸಿಲುನಾಡಿನಲ್ಲಿ ಸುಖವಾಗಿದ್ದಾರೆ ಎಂದು ರಾಜ ಹೇಳಿದ. ನಂಬಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಅಂತ ಜನ ನಂಬಿದರು.

ಒಂಬತ್ತನೆಯವಳ ಹೆಸರು ಈರಿ.

ಈರಿ ಮತ್ತು ಅವಳ ಅಕ್ಕ ಮಾಳವ್ವ ಕಂಬಳಿ ನೇಯುವವರು. ಅಪ್ಪ ಅಮ್ಮ ಇರಲಿಲ್ಲ, ಇಬ್ಬರೇ. ಒಂಬತ್ತನೆಯ ಚಳಿಗಾಲ ಸರದಿ ಅವರ ಮನೆಗೆ ಬಂತು. ಹೋಗಬೇಕಾದವಳು ಹಿರಿಯಳು, ಮಾಳವ್ವ. ಆದರೆ ಅವಳ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಇತ್ತು. ಅವರ ಕುಲದಲ್ಲಿ ಒಂದು ಕಟ್ಟುಪಾಡು: ಕಂಬಳಿಯನ್ನು ಶುರು ಮಾಡಿದ ಕೈಯೇ ಮುಗಿಸಬೇಕು, ಅರ್ಧಕ್ಕೆ ಬಿಟ್ಟು ಊರ ಗಡಿ ದಾಟಬಾರದು. ಮಾಳವ್ವ ಮಗ್ಗ ನೋಡಿದಳು, ತಂಗಿಯನ್ನು ನೋಡಿದಳು.

"ನೀನೇ ಹೋಗಿ ಬಾರೇ. ಇದು ಮುಗಿಯೋಕೆ ಇನ್ನೂ ನಾಲ್ಕು ದಿನ ಬೇಕು."

ಈರಿ ಏನೂ ಅನ್ನಲಿಲ್ಲ. ಮಾಂತ್ರಿಕನಿಗೆಂದು ಮೊದಲೇ ನೇಯ್ದಿಟ್ಟಿದ್ದ ಕಂಬಳಿ ಹೊತ್ತಳು, ಹೊರಟಳು. ಮಗ್ಗದ ಕಂಬಳಿ ನಾಲ್ಕು ದಿನಕ್ಕೆ ಮುಗಿಯಿತು. ಈರಿ ಬರಲಿಲ್ಲ.

ಆಮೇಲೆ ಒಂದು ವರ್ಷ ಮಾಳವ್ವ ಒಳಗೊಳಗೇ ಬೆಂದಳು. ಪಕ್ಕದ ಮನೆಯವರು ಬಂದು "ನಾಡಿಗಾಗಿ ಹೋದಳು, ಪುಣ್ಯವಂತೆ" ಅಂದರು. ಪುಣ್ಯವಂತೆಯಂತೆ! ಅವರ ಮನೆಯವರು ಯಾರಾದರೂ ಹೋಗಿದ್ದರೆ ಗೊತ್ತಾಗುತ್ತಿತ್ತು. ಮಾಳವ್ವ ಹಲ್ಲು ಕಡಿದು ಸುಮ್ಮನಾದಳು. ಅವಳಿಗೆ ಆ ಜನರ ಮೇಲೆ ಸಿಟ್ಟು, ರಾಜನ ಮೇಲೆ ಸಿಟ್ಟು, ಮಾಂತ್ರಿಕನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಯಾರ ಮೇಲೆ ಅನ್ನುವುದನ್ನು ಮಾತ್ರ ಅವಳು ತನಗೂ ಹೇಳಿಕೊಂಡಿರಲಿಲ್ಲ.

ಹತ್ತನೆಯ ಚಳಿಗಾಲ ಬಂತು. ಸರದಿ ಬೇರೆ ಮನೆಯದು. ಮಾಳವ್ವ ನೆಟ್ಟಗೆ ಅರಮನೆಗೆ ಹೋದಳು.

"ಮಹಾಪ್ರಭು, ಈ ಸಲ ನಾನು ಹೋಗ್ತೀನಿ. ನನ್ನ ತಂಗೀನ ಕರ್ಕೊಂಡು ಬರ್ತೀನಿ."

"ಸಮಾಧಾನ ತಾಯಿ, ಸಮಾಧಾನ" ಅಂದ ರಾಜ. "ಹೋಗು, ಬೇಡ ಅನ್ನಲ್ಲ. ಆದರೆ ಬಾಯಿ ಮುಚ್ಚಿಕೊಂಡು ಹೋಗು."

ಬೆಳಗಾಗುತ್ತಲೇ ಮಾಳವ್ವ ಕೊಳ್ಳಕ್ಕೆ ಇಳಿದಳು. ಬೆನ್ನ ಮೇಲೆ ಮಾಂತ್ರಿಕನ ಕಂಬಳಿ, ಹೆಗಲ ಮೇಲೆ ತನ್ನದೊಂದು ಹಳೆಯ ಕಂಬಳಿ, ಕಾಲಿಗೆ ಚರ್ಮದ ಕೆರ, ಸೊಂಟದಲ್ಲಿ ಬುತ್ತಿ. ಹಿಮ ಪಾದ ಮುಳುಗುವಷ್ಟಿತ್ತು. ಎರಡೂ ಕಡೆ ಬಂಡೆಗಳು ಎದ್ದು ನಿಂತಿದ್ದವು. ಮೇಲೆ ಆಕಾಶ ಕಂಬಳಿಯ ಅಂಚಿನಷ್ಟು ಮಾತ್ರ ಕಾಣುತ್ತಿತ್ತು. ಹೊಳೆ ಹರಿಯುತ್ತ ಹರಿಯುತ್ತಲೇ ಗಡ್ಡೆಕಟ್ಟಿತ್ತು. ಒಂದು ಹಕ್ಕಿಯ ಕೂಗಿಲ್ಲ, ಒಂದು ಎಲೆಯ ಸದ್ದಿಲ್ಲ, ಅವಳ ಹೆಜ್ಜೆಯ ಕರಕರ ಒಂದೇ. ಚೆಂದವಿತ್ತು, ಇಲ್ಲ ಅನ್ನಲಾಗದು. ಬೇರೆ ಯಾವ ದಿನವಾದರೂ ಅವಳು ನಿಂತು ನೋಡುತ್ತಿದ್ದಳು.

ಮೊದಲ ತಿರುವಿನಲ್ಲಿ ದಾರಿಗಡ್ಡವಾಗಿ ಒಂದು ಬಿಳಿ ತೋಳ ಕೂತಿತ್ತು.

"ನಿನ್ನ ಬುತ್ತಿ ಕೊಡು" ಅಂತು ತೋಳ.

ಮಾಳವ್ವ ಕೊಟ್ಟಳು. ತೋಳ ಗಂಟು ಬಿಚ್ಚಿ, ಅವಳ ಎದುರಿಗೇ, ರೊಟ್ಟಿಯನ್ನೂ ಬೆಳ್ಳುಳ್ಳಿ ಚಟ್ನಿಯನ್ನೂ ನಿಧಾನವಾಗಿ ತಿಂದಿತು. ತಿಂದು ಬಾಯಿ ಒರೆಸಿಕೊಂಡು "ಉಪ್ಪು ಕಡಿಮೆ" ಅಂದಿತು. ಮಾಳವ್ವನ ಗಂಟಲಿಗೆ ಮಾತು ಬಂತು. ಕಷ್ಟಪಟ್ಟು ನುಂಗಿದಳು. ನುಂಗಿದ್ದೇ ತಡ, ಮೇಲಿಂದ ಹಿಮ ಸುರಿಯಿತು. ಪಾದದಷ್ಟಿದ್ದ ಹಿಮ ಮೊಣಕಾಲಿಗೆ ಬಂತು.

ಎರಡನೆಯ ತಿರುವಿನಲ್ಲಿ, ದೇವದಾರು ಮರದ ಮೇಲೆ, ಒಂದು ಬಿಳಿ ಗೂಬೆ ಕೂತಿತ್ತು.

"ನಿನ್ನ ಕೆರ ಕೊಡು" ಅಂತು ಗೂಬೆ. "ನಿನ್ನ ತಂಗಿಯೂ ಕೊಟ್ಟಳು. ಒಳ್ಳೇ ಹುಡುಗಿ ಪಾಪ, ಎದುರು ಮಾತೇ ಆಡಲಿಲ್ಲ."

ಮಾಳವ್ವ ಕೆರ ಬಿಚ್ಚಿ ಎಸೆದಳು. ನಾಲಿಗೆಯ ತುದಿಗೆ ಬಂದ ಮಾತನ್ನು ಮತ್ತೆ ನುಂಗಿದಳು. ಮತ್ತೆ ಹಿಮ ಸುರಿಯಿತು. ಮೊಣಕಾಲಿನ ಹಿಮ ಸೊಂಟಕ್ಕೆ ಬಂತು. ಬರಿಗಾಲಲ್ಲಿ ಅವಳು ಮುಂದೆ ನಡೆದಳು.

ಮೂರನೆಯ ತಿರುವಿನಲ್ಲಿ ಮನೆಯಷ್ಟು ದೊಡ್ಡ ಬಿಳಿ ಕರಡಿ ನಿಂತಿತ್ತು.

"ಹೆಗಲ ಮೇಲಿನ ಕಂಬಳಿ ಕೊಡು" ಅಂತು ಕರಡಿ.

ಕೊಟ್ಟಳು. ಕರಡಿ ಅದನ್ನು ಕಾಲಡಿಗೆ ಹಾಕಿ ತುಳಿದು, ಆಕಳಿಸಿ, ಹೇಳಿತು: "ನಿನ್ನ ತಂಗಿ ಇಲ್ಲೇ ಅತ್ತಳು. ಸದ್ದು ಬರಬಾರದು ಅಂತ ಕೈ ಕಚ್ಚಿಕೊಂಡು ಅಳ್ತಿದ್ದಳು. ನೋಡೋಕೆ ಬಲು ಮಜವಾಗಿತ್ತು."

"ಲೇ!"

ಕೊಳ್ಳವಿಡೀ ಝಲ್ಲೆಂದಿತು. ಮಾಳವ್ವ ಬಾಯಿ ಮುಚ್ಚಿಕೊಂಡು ಮೇಲೆ ನೋಡಿದಳು. ಆಯಿತು, ರಾಜ್ಯ ಮುಳುಗಿತು, ಎಲ್ಲ ಮುಗಿಯಿತು ಅಂದುಕೊಂಡಳು. ಒಂದು ಎಣಿಸಿದಳು, ಎರಡು ಎಣಿಸಿದಳು, ಹತ್ತು ಎಣಿಸಿದಳು. ಮೇಲಿಂದ ಒಂದು ಹಿಡಿ ಹಿಮವೂ ಬೀಳಲಿಲ್ಲ. ಬದಲಿಗೆ ಅವಳ ಸೊಂಟದ ಸುತ್ತ ಇದ್ದ ಹಿಮ ಕರಗಿ ನೀರಾಗಿ ಗುಳುಗುಳು ಹರಿದುಹೋಯಿತು.

"ಎಲಾ ಇವನ!" ಅಂದಳು ಮಾಳವ್ವ.

ಆಗ ಅವಳಿಗೆ ಅರ್ಥವಾಯಿತು. ಹಿಮ ಅಂದರೆ ತಾವೆಲ್ಲ ನುಂಗಿದ ಸಿಟ್ಟು. ಹತ್ತು ವರ್ಷದಿಂದ ಇಡೀ ನಾಡು ಬಾಯಿ ಮುಚ್ಚಿಕೊಂಡು ನುಂಗಿದ್ದೆಲ್ಲ ಬಂದು ಆ ಮಾಂತ್ರಿಕನ ಕೊಳ್ಳ ತುಂಬಿಸಿದೆ. ಮಾತಾಡಿದರೆ ಹಿಮ ಕುಸಿಯುತ್ತದೆ ಅಂದಿದ್ದು ಹಸಿ ಸುಳ್ಳು. ಆ ಸುಳ್ಳಿಗಾಗಿ ತಂಗಿ ಕೈ ಕಚ್ಚಿಕೊಂಡು ಅತ್ತಿದ್ದಳು!

ಮಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮಜವಾಗಿತ್ತಾ? ಅಳೋ ಹುಡುಗೀನ ನೋಡಿ ಹಲ್ಲು ಕಿಸಿಯೋಕೆ ನಾಚಿಕೆ ಆಗಲಿಲ್ವಾ ನಿನಗೆ? ಇಷ್ಟು ದಪ್ಪ ಮೈ ಬೆಳೆಸಿದೀಯಲ್ಲ, ಒಳಗೆ ಒಂದು ಸಾಸಿವೆ ಕಾಳಷ್ಟು ಕರುಳು ಇದೆಯಾ? ನಿನ್ನ ಬಾಯಿಗೆ ಮಣ್ಣು ಹಾಕ! ಎತ್ತು ಕಾಲು ಕಂಬಳಿ ಮೇಲಿಂದ!"

ಮಾತಿಗೊಂದು ಮೊಳ ಕರಡಿ ಕುಗ್ಗಿತು. ಮನೆಯಷ್ಟಿದ್ದದ್ದು ಎಮ್ಮೆಯಷ್ಟಾಯಿತು, ಎಮ್ಮೆಯಷ್ಟಿದ್ದದ್ದು ಬೆಕ್ಕಿನಷ್ಟಾಯಿತು, ಕೊನೆಗೆ ಕುಂಯ್ ಕುಂಯ್ ಅನ್ನುತ್ತ ಬಂಡೆಯ ಸಂದಿಗೆ ಓಡಿತು. ಮಾಳವ್ವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಹಿಂದಕ್ಕೆ ತಿರುಗಿದಳು.

"ಏ ಗೂಬೆ! ಮೂದೇವಿ! ನನ್ನ ಕೆರ ತಂದುಕೊಡ್ತೀಯೋ ನಾನೇ ಮರ ಹತ್ತಿ ಬರಲೋ?"

ಗೂಬೆ ಗುಬ್ಬಿಯಷ್ಟಾಗಿ ಹಾರಿ ಬಂದು, ಏದುಸಿರು ಬಿಡುತ್ತ ಕೆರ ಒಂದೊಂದಾಗಿ ಇಳಿಸಿ ಹೋಯಿತು.

"ಏ ತೋಳ! ಉಪ್ಪು ಕಡಿಮೆಯಾ? ನಿಮ್ಮಪ್ಪ ಬಂದು ರೊಟ್ಟಿ ತಟ್ಟಿ ಹಾಕಿದ್ನಾ? ಬಿಟ್ಟಿ ತಿಂದು ಹೆಸರು ಬೇರೆ ಇಡ್ತೀಯಾ?"

ದೂರದಲ್ಲಿ ತೋಳ ಬಾಲ ಮುದುರಿಕೊಂಡು ಓಡುವ ಸದ್ದು ಕೇಳಿಸಿತು.

ಕೊಳ್ಳದ ಕೊನೆಯಲ್ಲಿ ಮಂಜುಗಡ್ಡೆಯ ಒಂದು ದೊಡ್ಡ ಹಜಾರ. ಒಳಗೆ ಕುಳಿರಾಂಗ ಒಂಬತ್ತು ಕಂಬಳಿ ಹೊದ್ದು ಕೂತಿದ್ದ, ಆದರೂ ನಡುಗುತ್ತಿದ್ದ. ಗೋಡೆಯುದ್ದಕ್ಕೂ ಒಂಬತ್ತು ಜನ ಗಡ್ಡೆಕಟ್ಟಿ ನಿಂತಿದ್ದರು. ಬಿಸಿಲುನಾಡಂತೆ, ಸುಖವಂತೆ! ಅವರ ತುಟಿಗಳ ಮೇಲೆ ಬಿಳಿ ಹಿಮ ಕೂತಿತ್ತು, ಕಣ್ಣು ಮಾತ್ರ ಆಡುತ್ತಿದ್ದವು. ಕೊನೆಯಲ್ಲಿ ಈರಿ.

"ಈರೀ!" ಮಾಳವ್ವ ಓಡಿದಳು.

"ಬಾ ತಾಯಿ, ಕೂತ್ಕೋ" ಅಂದ ಕುಳಿರಾಂಗ, ಜೇನು ಸುರಿಯುವ ದನಿಯಲ್ಲಿ. "ಸಮಾಧಾನ ಮಾಡ್ಕೋ."

"ನಿನ್ನ ಸಮಾಧಾನಕ್ಕಿಷ್ಟು ಬೆಂಕಿ ಹಾಕ!"

ಛಾವಣಿಯಿಂದ ಮೂರು ಗಡ್ಡೆ ಕಳಚಿ ಬಿದ್ದವು. ಕುಳಿರಾಂಗನ ಮುಖ ಬಿಳಿಚಿತು. ಆದರೆ ಅವನು ಜಾಣ. ತಕ್ಷಣ ಎರಡೂ ಕೈ ಎತ್ತಿದ.

"ಬೈಬೇಡ. ನಿನಗೆ ಬೇಕಾದ್ದು ತಂಗಿ ತಾನೇ? ಈಗಲೇ ಕರ್ಕೊಂಡು ಹೋಗು. ನಡೀತಾಳೆ, ಉಣ್ತಾಳೆ, ನಿನ್ನ ಪಕ್ಕ ಕೂತು ಉಣ್ಣೆ ನೂಲ್ತಾಳೆ. ನೀನು ಸುಮ್ಮನೆ ಹೋಗಿ ಸುಮ್ಮನೆ ಇದ್ದರೆ ಸಾಕು. ಒಂದೇ ಕೊರತೆ, ಅವಳಿಗೆ ಮಾತು ಬರಲ್ಲ." ಅವನು ಸ್ವಲ್ಪ ಮುಂದಕ್ಕೆ ಬಾಗಿದ. "ಒಂದು ವರ್ಷ ಇಲ್ಲಿ ನಿಂತು ನಿನ್ನ ಬಗ್ಗೆ ಏನೇನು ಅಂದುಕೊಂಡಿದಾಳೋ, ಅದನ್ನ ನೀನು ಕೇಳೋದೇ ಬೇಡ."

ನಾನು ಮುಚ್ಚಿಡುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮಾಳವ್ವನಿಗೆ ಖುಷಿಯಾಯಿತು. ಎದೆಯ ಮೇಲಿನ ಭಾರ ಇಳಿದಂತಾಯಿತು. ತಂಗಿ ಸಿಗುತ್ತಾಳೆ, ಬೈಗುಳ ಸಿಗುವುದಿಲ್ಲ. ಅವಳು ಕೈ ಚಾಚಿ ಈರಿಯ ಕೈ ಹಿಡಿದೇಬಿಟ್ಟಳು. "ಬಾರೇ" ಎಂದು ಹೇಳಲು ಬಾಯಿ ತೆರೆದಳು.

ಈರಿ ಅವಳನ್ನೇ ನೋಡುತ್ತಿದ್ದಳು.

ಆ ಕಣ್ಣು ನೋಡಿ ಮಾಳವ್ವನಿಗೆ ತನಗಾದ ಖುಷಿಯ ಮೇಲೇ ಹೇಸಿಗೆ ಬಂತು. ಒಂದು ವರ್ಷದಿಂದ ಅಡಗಿಸಿಟ್ಟ ಸಿಟ್ಟು ಹೊಟ್ಟೆಯೊಳಗಿಂದ ಎದ್ದು ಬಂತು, ಈ ಸಲ ತೋಳದ ಮೇಲಲ್ಲ, ಕರಡಿಯ ಮೇಲಲ್ಲ.

"ಥೂ ಮಾಳಿ, ನಿನ್ನ ಜನ್ಮಕ್ಕಿಷ್ಟು!" ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. "ಈರಿ, ಕೇಳಿಸ್ಕೋ. ಬರಬೇಕಾಗಿದ್ದವಳು ನಾನು ಕಣೇ! ಕಟ್ಟುಪಾಡಂತೆ ಕಟ್ಟುಪಾಡು! ಹಾಳಾಗಿ ಹೋಗಲಿ ಆ ಕಂಬಳಿ! ಅರ್ಧಕ್ಕೆ ಬಿಟ್ಟಿದ್ದರೆ ನೂಲೇನು ಅಳ್ತಿತ್ತಾ? ನನಗೆ ಹೆದರಿಕೆಯಾಗಿತ್ತು. ಮಗ್ಗ ಬರೀ ನೆಪ. ಬರೀ ನೆಪ! ಹೇಡಿ ನಾನು! ನೀನು ತಿರುಗಿ ಮಾತಾಡಲ್ಲ ಅಂತ ಗೊತ್ತಿತ್ತು, ಅದಕ್ಕೇ ನಿನ್ನನ್ನ ತಳ್ಳಿದೆ!"

ಧಡ್ ಅಂತ ಗೋಡೆ ಬಿರಿಯಿತು. ಛಾವಣಿ ಕರಗಿ ಮಳೆಯಂತೆ ಸುರಿಯಿತು. ಕುಳಿರಾಂಗ "ಸದ್ದು ಬೇಡ, ಸದ್ದು ಬೇಡ" ಅನ್ನುತ್ತಲೇ ಇದ್ದ, ದನಿ ಸಣ್ಣದಾಗುತ್ತ ಹೋಯಿತು. ಒಂಬತ್ತು ಕಂಬಳಿಗಳು ನೀರು ಕುಡಿದು ಭಾರವಾಗಿ ನೆಲಕ್ಕೆ ಕುಸಿದವು. ಎತ್ತಿ ನೋಡಿದರೆ ಅಡಿಯಲ್ಲಿ ಬೊಗಸೆಯಷ್ಟು ಕೆಸರು ನೀರು. ಅದೂ ಹೊಳೆಗೆ ಸೇರಿ ಹರಿದುಹೋಯಿತು.

ಒಂಬತ್ತು ಜನಕ್ಕೂ ಜೀವ ಬಂತು. ಎಂಟು ಜನ ಬಾಯಿ ಬಿಟ್ಟರು ನೋಡಿ! ಒಬ್ಬ ಮಾಂತ್ರಿಕನನ್ನು ಬೈದ, ಒಬ್ಬಳು ರಾಜನನ್ನು ಬೈದಳು, ಒಬ್ಬ ಮುದುಕ ತನ್ನ ಅಳಿಯನನ್ನು ಬೈದ. ಅಳಿಯ ಏನು ಮಾಡಿದ್ದನೋ ನನಗೆ ಗೊತ್ತಿಲ್ಲ. ಅವರು ಬೈಯುತ್ತ ನಡೆದ ಹಾಗೆ ಕೊಳ್ಳದಲ್ಲಿ ಹಿಮ ಕರಗಿತು, ಹೊಳೆ ಹರಿಯಿತು, ಬಂಡೆಯ ಬುಡದಲ್ಲಿ ಹುಲ್ಲು ಕಂಡಿತು. ಈರಿ ಮಾತ್ರ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಅರಮನೆಯ ಮುಂದೆ ಊರೆಲ್ಲ ಸೇರಿತು. ರಾಜ ಹೊರಗೆ ಬಂದು, ಒಂಬತ್ತು ಜನರನ್ನು ನೋಡಿ, "ಸಮಾ..." ಅಂದ. ಪೂರ್ತಿ ಹೇಳಲು ಜನ ಬಿಡಲಿಲ್ಲ. ಹತ್ತು ವರ್ಷದ್ದೆಲ್ಲ ಒಟ್ಟಿಗೆ ಹೊರಬಂತು. ರಾಜ ಪೇಟ ಬಿಟ್ಟು, ಜೋಡು ಬಿಟ್ಟು ಓಡಿಹೋದ, ಪಕ್ಕದ ನಾಡಿನಲ್ಲಿ ಆಡು ಕಾಯಲು ನಿಂತ. ಆಡುಗಳಿಗೂ ಅವನು ಸಮಾಧಾನ ಹೇಳುತ್ತಾನಂತೆ. ಅವು ಕೇಳುವುದಿಲ್ಲವಂತೆ.

ಅಕ್ಕ ತಂಗಿ ಮನೆಗೆ ಬಂದರು. ಮಾಳವ್ವ ಬಾಗಿಲು ತೆಗೆದಳು. ಈರಿ ಹೊಸ್ತಿಲ ಆಚೆಯೇ ನಿಂತಳು.

"ಹೇಳೇ" ಅಂದಳು ಮಾಳವ್ವ.

ಈರಿ ಶುರು ಮಾಡಿದಳು. "ನಾನು ಹೋಗುವಾಗ ನೀನು ಎದ್ದು ಬಾಗಿಲಿಗೂ ಬರಲಿಲ್ಲ ಅಕ್ಕ! ಕೂತಲ್ಲಿಂದಲೇ ಹೋಗಿ ಬಾ ಅಂದೆ! ನಾನು ತಿರುಗಿ ನೋಡಿದೆ. ಮೂರು ಸಲ ತಿರುಗಿ ನೋಡಿದೆ. ನಿನ್ನ ಬೆನ್ನು ಕಾಣಿಸ್ತಾ ಇತ್ತು. ಒಂದು ವರ್ಷ ಆ ಹಿಮದಲ್ಲಿ ನಿಂತು ಅದೇ ಬೆನ್ನು ನೋಡಿದೀನಿ ನಾನು!" ಕೂಗಿದಳು, ಅತ್ತಳು, ಮತ್ತೆ ಕೂಗಿದಳು. ಚಿಕ್ಕಂದಿನಿಂದ ನುಂಗಿದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ಕರಡಿಯನ್ನು ಬೈದ ಮಾಳವ್ವ, ಮಾಂತ್ರಿಕನನ್ನು ಕರಗಿಸಿದ ಮಾಳವ್ವ, ತಲೆ ತಗ್ಗಿಸಿ ನಿಂತು ಕೇಳಿದಳು. "ಹೌದು" ಅನ್ನುವುದು ಬಿಟ್ಟು ಬೇರೆ ಮಾತು ಆಡಲಿಲ್ಲ. ಮಧ್ಯಾಹ್ನ ಶುರುವಾದದ್ದು ಬಿಸಿಲು ಇಳಿಯುವವರೆಗೆ ನಡೆಯಿತು.

ಈರಿಯ ಗಂಟಲು ಕಟ್ಟಿತು. ಒಳಗೆ ಬಂದು ಒಲೆಯ ಮುಂದೆ ಕೂತಳು.

"ಇನ್ನೂ ಮುಗಿದಿಲ್ಲ" ಅಂದಳು.

"ನಾಳೆ ಬೈಯುವೆಯಂತೆ" ಅಂದಳು ಮಾಳವ್ವ, ಒಲೆ ಹಚ್ಚಿದಳು.

ಹೆಪ್ಪುನಾಡಿನಲ್ಲಿ ಆಮೇಲೆ ಬಿತ್ತಿದ್ದು ಬೆಳೆಯಿತು, ಕರೆದ ಹಾಲು ಗಡ್ಡೆಕಟ್ಟಲಿಲ್ಲ, ಸಿಟ್ಟು ಬಂದವರು ಸಿಟ್ಟು ಮಾಡಿಕೊಂಡು ಎಲ್ಲರೂ ಸುಖವಾಗಿ ಬಾಳಿದರು. ಈರಿ ಮರುದಿನವೂ ಬೈದಳು, ಅದರ ಮರುದಿನವೂ ಬೈದಳು. ಹದಿನೈದನೆಯ ದಿನ ಬೈಯಲು ಬಾಯಿ ತೆರೆದವಳು, ತಲೆ ತಗ್ಗಿಸಿ ತಯಾರಾಗಿ ನಿಂತಿದ್ದ ಅಕ್ಕನನ್ನು ನೋಡಿ, ತಡೆಯಲಾರದೆ ನಕ್ಕುಬಿಟ್ಟಳು.