ಬಂಡೆಯ ಬದಿಯ ಸೀಟು

ತಿರುವಿನಾಚೆಯಿಂದ ಮೂರು ಸ್ವರದ ಹಾರ್ನ್ ಕೇಳಿಸಿದಾಗ ಉರ್ಸಿನಾಳ ಕಾರು ರಸ್ತೆಯ ಅತ್ಯಂತ ಇಕ್ಕಟ್ಟಾದ ಜಾಗದಲ್ಲಿತ್ತು.

ಒಂದು ಬದಿಗೆ ಬಂಡೆ. ಇನ್ನೊಂದು ಬದಿಗೆ ಮೊಣಕಾಲೆತ್ತರದ ಕಲ್ಲುಗಳ ಸಾಲು. ಅದರಾಚೆ ಏನೂ ಇಲ್ಲ... ಎಲ್ಲೋ ಪಾತಾಳದಲ್ಲಿ ಬೆಳ್ಳಗೆ ಒಂದು ಹೊಳೆ.

ಎಂಗಡೀನ್ ಕಣಿವೆಯಲ್ಲಿ ಊರೂರಿಗೆ ಜನರನ್ನು ಒಯ್ಯುವ ಹಳದಿ ಅಂಚೆ ಬಸ್ಸು ಎದುರಾದರೆ ಯಾರೇ ಆಗಲಿ ಹಿಂದೆ ಸರಿಯಬೇಕು. ಮದುಮಕ್ಕಳ ಕಾರಾದರೂ ಅಷ್ಟೇ, ಊರಿನ ಅಧ್ಯಕ್ಷರ ಕಾರಾದರೂ ಅಷ್ಟೇ. ಅದು ಉರ್ಸಿನಾಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಅವಳ ಬಲಗಾಲು ಬ್ರೇಕಿನ ಮೇಲೆ ಕಲ್ಲಾಗಿ ಕೂತುಬಿಟ್ಟಿತ್ತು.

ಅವಳಿಗೆ ಒಂಬತ್ತು ವರ್ಷವಿದ್ದಾಗ ಇಂಥದೇ ತಿರುವಿನಲ್ಲಿ ಅಪ್ಪ ಹಾಲಿನ ವ್ಯಾನನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಹಿಂದಿನ ಚಕ್ರ ಜಾರಿತು. ಪಕ್ಕದ ಸೀಟಿನಲ್ಲಿ ಅವಳಿದ್ದಳು. ಒಂದು ಮರ ತಡೆದದ್ದರಿಂದ ಇಬ್ಬರೂ ಉಳಿದರು. ಅಪ್ಪ ಇಂದಿಗೂ ಕುಂಟುತ್ತಾರೆ. ಅವಳ ಕುಂಟು ಮಾತ್ರ ಹೊರಗೆ ಕಾಣುವುದಿಲ್ಲ.

ಬಸ್ಸಿನ ಚಾಲಕ ಇಳಿದು ಬಂದ. ಮೂವತ್ತೈದರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಅಂಗಿಯ ಮೇಲೆ ಹೆಸರಿನ ಪಟ್ಟಿ. ಕುರ್ದಿನ್.

"ಹಿಂದೆ ತಗೊಳ್ಳಿ. ನಲವತ್ತು ಮೀಟರ್ ಹೋದ್ರೆ ಅಗಲ ಜಾಗ ಇದೆ."

"ಆಗಲ್ಲ ನನಗೆ."

ಅವನು ಕಾರಿನ ಬಾಗಿಲ ಮೇಲಿನ ಬರಹವನ್ನು ನಿಧಾನವಾಗಿ ಓದಿದ. ಘಾಟಿ ರಸ್ತೆಗಳ ಪ್ರವಾಸಕ್ಕೆ ದಾರಿ ಯೋಜಿಸಿಕೊಡುವ ಕಚೇರಿಯ ಹೆಸರು ಅದು. ಅವಳ ಚಿಕ್ಕಮ್ಮ ಬಾರ್ಬ್ಲಾ ನಡೆಸುವ ಕಚೇರಿ.

"ಅಂದ್ರೆ ದೇಶ ದೇಶದವರನ್ನ ಈ ರಸ್ತೆಗೆ ಕಳಿಸೋರು ನೀವೇ. ಚೆನ್ನಾಗಿದೆ."

ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಉರ್ಸಿನಾಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ತುಂಬಿಬಂತು. ಬೇರೆ ಯಾರಾದರೂ ಆಗಿದ್ದರೆ "ಇಳೀರಿ, ನಾನು ತೆಗೆದುಕೊಡ್ತೀನಿ" ಎನ್ನುತ್ತಿದ್ದರು. ಇವನು ಹಾಗೆ ಹೇಳಲಿಲ್ಲ. ಕಾರಿನ ಹಿಂದಕ್ಕೆ ನಡೆದು ಹೋಗಿ, ರಸ್ತೆಯ ಅಂಚಿಗೆ ನಿಂತು, ಒಂದು ಕೈ ಎತ್ತಿದ.

"ಪ್ರಪಾತ ನೋಡಬೇಡಿ. ಕನ್ನಡಿಯಲ್ಲಿ ನನ್ನ ಕೈ ಮಾತ್ರ ನೋಡಿ."

ಅವಳು ನೋಡಿದಳು. ಕೈ ಎಡಕ್ಕೆ ಬಾಗಿತು, ನೆಟ್ಟಗಾಯಿತು, ಬಾ ಬಾ ಎಂದಿತು, ಸಾಕು ಎಂದಿತು. ನಲವತ್ತು ಮೀಟರ್ ಮುಗಿದಾಗ ಅವಳ ಅಂಗಿ ಬೆನ್ನಿಗೆ ಅಂಟಿತ್ತು.

ಬಸ್ಸು ಪಕ್ಕದಿಂದ ಹಾದುಹೋಗುವಾಗ ಅವನು ಕಿಟಕಿಯಿಂದ ಬಗ್ಗಿ, ಭಾನುವಾರ ಕಲ್ಲುಗಣಿ ಖಾಲಿ ಇರುತ್ತದೆ, ಕಲಿಯುವ ಮನಸ್ಸಿದ್ದರೆ ಬನ್ನಿ ಎಂದು ಹೇಳಿ ಹೋದ.

'ಇವನ ಮುಖ ಇನ್ನೊಂದು ಸಲ ನೋಡಿದರೆ ಕೇಳು' ಎಂದುಕೊಂಡಳು ಉರ್ಸಿನಾ.

ಭಾನುವಾರ ಅವಳು ಅವನಿಗಿಂತ ಮೊದಲೇ ಕಲ್ಲುಗಣಿಯಲ್ಲಿದ್ದಳು.

ಬೇಸಿಗೆಯೆಲ್ಲ ಹಾಗೆಯೇ ಕಳೆಯಿತು. ಅವನು ಖಾಲಿ ಡಬ್ಬಗಳನ್ನು ಸಾಲಾಗಿ ಇಡುತ್ತಿದ್ದ, ಅವಳು ಉರುಳಿಸುತ್ತಿದ್ದಳು. ಎರಡನೇ ಭಾನುವಾರಕ್ಕೆ 'ನೀವು' ಹೋಗಿ 'ನೀನು' ಬಂತು. ಅವಳು ಅಕ್ರೋಟಿನ ಕಡುಬು ತರುತ್ತಿದ್ದಳು, ಅವನು ಫ್ಲಾಸ್ಕಿನಲ್ಲಿ ಕಾಫಿ. ಉರುಳುವ ಡಬ್ಬಗಳು ಕಡಿಮೆಯಾದವು. ವಾರದ ಉಳಿದ ಆರು ದಿನಗಳು ಮಾತ್ರ ಉದ್ದವಾಗುತ್ತ ಹೋದವು.

ಒಂದೇ ಒಂದು ವಿಷಯ ಅವಳನ್ನು ಚುಚ್ಚುತ್ತಿತ್ತು. ಅವನು ಒಂದು ಸಲವೂ ಅವಳ ಕಾರಿನೊಳಗೆ ಕೂರಲಿಲ್ಲ. ಯಾವಾಗಲೂ ಹೊರಗೆ, ಹಿಂದೆ, ಕೈ ಎತ್ತಿಕೊಂಡು. ಒಮ್ಮೆ ಅವಳೇ ಬಾಯಿಬಿಟ್ಟು ಕರೆದಾಗ ಅವನ ಮುಖ ಬಿಗಿದುಕೊಂಡಿತು. ಹೊರಗಿಂದಲೇ ಚೆನ್ನಾಗಿ ಕಾಣುತ್ತೆ ಅಂದ.

'ಹತ್ತಿರ ಬರುವುದು ಇವನಿಗೆ ಬೇಡವೇನೋ...'

ಸೆಪ್ಟೆಂಬರಿನಲ್ಲಿ ಅವನು ಕಚೇರಿಗೆ ಬಂದ. ಭಾನುವಾರದ ಅಂಗಿಯಲ್ಲಲ್ಲ, ಬಸ್ಸಿನ ಅಂಗಿಯಲ್ಲಿ. ಅವಳ ಮೇಜಿನೆದುರು ಗಿರಾಕಿಯ ಕುರ್ಚಿಯಲ್ಲಿ ಕೂತು, ಒಂದು ಪ್ರವಾಸ ಯೋಜಿಸಿಕೊಡಬೇಕು ಅಂದ. ಆರು ದಿನ, ಇಬ್ಬರಿಗೆ. ಅಕ್ಟೋಬರಿನ ಮೊದಲ ವಾರ, ಹಿಮಕ್ಕೆ ಘಾಟಿಗಳು ಮುಚ್ಚುವ ಮುಂಚೆ. ಇಟಲಿಗೆ ಇಳಿದು, ಆಸ್ಟ್ರಿಯಾ ಸುತ್ತಿ ವಾಪಸ್.

ಇಬ್ಬರಿಗೆ.

ಉರ್ಸಿನಾ ಪೆನ್ನು ತೆಗೆದುಕೊಂಡಳು.

"ರೂಮು ಒಂದಾ, ಎರಡಾ?"

ಅವನು ಕಿಟಕಿಯ ಕಡೆ ನೋಡಿದ. "ಎರಡು ಅಂತ ಬರೀ. ಈಗಲೇ ಹೇಳೋಕಾಗಲ್ಲ."

"ಬೇರೆ ಏನಾದ್ರೂ ನಾವು ಗಮನಿಸಬೇಕಾದ್ದು ಇದ್ರೆ ಹೇಳಿ."

"ಏನು, ಇವತ್ತು 'ಹೇಳಿ' ಅಂತೀಯಾ?" ಅವನು ನಕ್ಕ.

"ಗಿರಾಕಿಗಳಿಗೆಲ್ಲ ಹಾಗೇ ಅನ್ನೋದು."

ಅವನ ನಗು ಆರಿತು. ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿ ಹೇಳಿದ. "ಪಕ್ಕದ ಸೀಟಲ್ಲಿ ಕೂರೋರಿಗೆ ಪ್ರಪಾತ ಅಂದ್ರೆ ಭಯ. ವಿಪರೀತ ಭಯ. ಎಲ್ಲಾ ಘಾಟಿಯಲ್ಲೂ ಬಂಡೆ ಬಲಕ್ಕೆ, ಆ ಸೀಟಿನ ಕಡೆಗೇ ಬರೋ ಹಾಗೆ ದಾರಿ ಮಾಡು. ಅದನ್ನ ನಿನ್ನಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲ್ಲ."

ಅವನು ಹೋದಮೇಲೆ ಚಿಕ್ಕಮ್ಮ ಒಳಗಿನಿಂದ ಬಂದಳು. ಬಾರ್ಬ್ಲಾಗೆ ಕಣಿವೆಯ ಸುದ್ದಿಯೆಲ್ಲ ಗೊತ್ತು. ಕುರ್ದಿನ್ ಈ ತಿಂಗಳಲ್ಲಿ ಮೂರು ಸಲ ಔಷಧಿ ಅಂಗಡಿಯ ಲಾದಿನಾ ಜೊತೆ ಕೌಂಟರಿಗೆ ಒರಗಿಕೊಂಡು ಪಿಸುಗುಟ್ಟುತ್ತಿದ್ದನಂತೆ. ಎರಡು ರೂಮು ಅಂದರೆ ಹುಡುಗಿಯ ಮನೆಯವರು ಬಿಗಿ ಅಂತ ಅರ್ಥ ಎಂದು ವಿವರಿಸಿದಳು. ಉರ್ಸಿನಾ ನಕಾಶೆ ಬಿಚ್ಚಿದಳು. ಚಿಕ್ಕಮ್ಮ ಅವಳ ಮುಖವನ್ನೊಮ್ಮೆ ನೋಡಿ, ಮುಂದಿನ ಸುದ್ದಿಯನ್ನು ನುಂಗಿಕೊಂಡು ಒಳಗೆ ಹೋದಳು.

ಘಾಟಿ ಪ್ರವಾಸ ಯೋಜಿಸುವುದೆಂದರೆ ನಕಾಶೆಯ ಮೇಲೆ ಗೆರೆ ಎಳೆಯುವುದಲ್ಲ. ಇಲ್ಲಿನ ಕಾರುಗಳಲ್ಲಿ ಸ್ಟೇರಿಂಗ್ ಎಡಕ್ಕೆ, ಪಕ್ಕದ ಸೀಟು ಬಲಕ್ಕೆ. ಒಂದೇ ರಸ್ತೆ, ಈ ಕಡೆಯಿಂದ ಹತ್ತಿದರೆ ಪಕ್ಕದ ಸೀಟಿಗೆ ಬಂಡೆ ಆಸರೆ, ಆ ಕಡೆಯಿಂದ ಬಂದರೆ ಕಿಟಕಿಯ ಕೆಳಗೆ ಬರೀ ಗಾಳಿ. ಹೆದರುವವರು ಇದ್ದರೆ ಇಡೀ ಸುತ್ತನ್ನೇ ತಿರುಗಿಸಿ ಹೊಲಿಯಬೇಕು. ಉರ್ಸಿನಾ ಒಂದೊಂದೇ ದಿನವನ್ನು ಹೊಲಿದಳು. ಲಾದಿನಾ ಎಲ್ಲಿ ಕಾಫಿ ಕುಡಿಯಬೇಕು, ಯಾವ ಮೈದಾನದಲ್ಲಿ ಇಳಿದು ಕಾಲಾಡಿಸಬೇಕು, ಯಾವ ಹೋಟೆಲಿನ ಕಿಟಕಿಯಿಂದ ಅವಳಿಗೆ ಹಿಮದ ಶಿಖರ ಕಾಣಬೇಕು... ಎಲ್ಲವನ್ನೂ.

ಮೂರನೇ ದಿನಕ್ಕೆ ಬಂದಾಗ ಕೈ ನಿಂತಿತು.

ಮೂರನೇ ದಿನದ ಘಾಟಿ ಎಲ್ಲಕ್ಕಿಂತ ಎತ್ತರದ್ದು. ಮಾಮೂಲಿ ದಿಕ್ಕಿನಲ್ಲಿ ಹೋದರೆ ಪ್ರಪಾತ ಪೂರ್ತಿ ಬಲಕ್ಕೆ, ಒಂಬತ್ತು ಕಿಲೋಮೀಟರ್. ತಿರುಗಿಸಬೇಕೆಂದರೆ ಮೂರನೆಯ ಮತ್ತು ನಾಲ್ಕನೆಯ ದಿನಗಳನ್ನು ಅದಲುಬದಲು ಮಾಡಬೇಕು. ಅರ್ಧ ಗಂಟೆಯ ಕೆಲಸ.

ಅವಳು ಮಾಡಲಿಲ್ಲ.

'ಹೆದರಲಿ. ನಾನು ಹೆದರಲಿಲ್ಲವೇ?'

ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿದಳು. ಗುರುವಾರ ಅವನು ಬಂದು ತೆಗೆದುಕೊಂಡು ಹೋದ. ಏನೋ ಹೇಳಲು ಹೊರಟ, ಅವಳು ಫೋನು ಎತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ರೇಡಿಯೋದಲ್ಲಿ ಹವಾಮಾನ ಕೇಳಿ ಅವಳ ಕೈಯಿಂದ ಬಟ್ಟಲು ಜಾರಿತು. ಸೋಮವಾರ ಎತ್ತರದ ಘಾಟಿಗಳಲ್ಲಿ ಮೊದಲ ಹಿಮ. ಸೋಮವಾರವೇ ಅವರ ಮೂರನೇ ದಿನ.

ಕಣ್ಣೆದುರು ಅಪ್ಪನ ವ್ಯಾನು ಬಂತು. ಪಕ್ಕದ ಸೀಟಿನಿಂದ ಕಂಡ ಆ ಖಾಲಿ... ಆ ಸೀಟಿನಲ್ಲಿ ಕೂತವರು ಯಾರಾದರೇನು? ಅಲ್ಲಿ ಕೂರುವುದು ಹೇಗಿರುತ್ತದೆಂದು ಗೊತ್ತಿದ್ದೂ ಗೊತ್ತಿದ್ದೂ ಅವಳು ಇನ್ನೊಬ್ಬರನ್ನು ಅಲ್ಲಿ ಕೂರಿಸಿದ್ದಳು.

ಅರ್ಧ ಗಂಟೆಯಲ್ಲಿ ಹೊಸ ಹಾಳೆ ಸಿದ್ಧವಾಯಿತು. ಅವನಿಗೆ ಫೋನು ಮಾಡಿದಳು. ಬಸ್ಸು ಓಡಿಸುವಾಗ ಅವನು ಎತ್ತುವುದಿಲ್ಲ. ಇಳಿಯುವ ಬಸ್ಸು ಒಂದೂವರೆಗೆ ಬರುತ್ತದೆ, ಕಾಯಬಹುದಿತ್ತು. ಆದರೆ ಕಾದರೆ ಧೈರ್ಯ ಆರಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾರು ಹತ್ತಿದಳು.

ಅದೇ ತಿರುವು. ಅದೇ ಮೂರು ಸ್ವರ. ಹಳದಿ ಮೂತಿ ಬಂಡೆಯಾಚೆಯಿಂದ ಮೂಡಿತು.

ಕುರ್ದಿನ್ ಬಾಗಿಲು ತೆರೆದು ಇಳಿಯಲು ಹೊರಟದ್ದು ಕಂಡಿತು. ಅವಳು ಕಾಯಲಿಲ್ಲ. ರಿವರ್ಸ್ ಗೇರ್ ಹಾಕಿದಳು. ಕನ್ನಡಿಯಲ್ಲಿ ಯಾರ ಕೈಯೂ ಇರಲಿಲ್ಲ. ಕಲ್ಲುಗಳ ಸಾಲು ಇತ್ತು, ಹೊಳೆಯ ಸದ್ದು ಇತ್ತು. ಹತ್ತು ಮೀಟರ್. ಇಪ್ಪತ್ತು. ಹಿಂದಿನ ಚಕ್ರ ಜಲ್ಲಿಯ ಮೇಲೆ ಕರಕರ ಎಂದಾಗ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ನಲವತ್ತು.

ನಿಂತಳು. ಹ್ಯಾಂಡ್ ಬ್ರೇಕ್ ಎಳೆದಳು.

ಅವನು ಓಡಿಬಂದು ಕಿಟಕಿಯ ಬಳಿ ನಿಂತ. ಅವಳು ಮುಖ ನೋಡದೆ ಹಾಳೆ ಚಾಚಿದಳು.

"ಮೂರನೇ ದಿನ ತಪ್ಪಾಗಿದೆ. ತಪ್ಪಲ್ಲ, ಬೇಕಂತಲೇ ಮಾಡಿದ್ದು. ಪ್ರಪಾತ ಪಕ್ಕದ ಸೀಟಿಗೆ ಬರ್ತಿತ್ತು. ಈಗ ಸರಿ ಮಾಡಿದ್ದೀನಿ, ಹಿಮದ ದಿನವೂ ತಪ್ಪುತ್ತೆ. ಲಾದಿನಾಗೆ ನಾನು ಕ್ಷಮೆ ಕೇಳಿದೆ ಅಂತ ಹೇಳು."

"ಲಾದಿನಾಗೆ ಯಾಕೆ?"

"ಪಕ್ಕದ ಸೀಟು ಅವಳದಲ್ವಾ?"

ಅವನು ಕಿಟಕಿಗೆ ಬಗ್ಗಿದ. ಮಾತಾಡಿದಾಗ ದನಿ ತೀರ ತಗ್ಗಿತ್ತು, ಬಸ್ಸಿನವರಿಗೆ ಕೇಳಿಸಬಾರದು ಎಂಬಂತೆ.

"ಪಕ್ಕದ ಸೀಟು ನಂದು, ಉರ್ಸಿನಾ."

ಅವಳು ತಲೆಯೆತ್ತಿದಳು.

"ಹನ್ನೊಂದು ವರ್ಷದಿಂದ ಈ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದಿದ್ದೀನಿ. ಸ್ಟೇರಿಂಗ್ ನನ್ನ ಕೈಲಿದ್ರೆ ಭಯ ಇಲ್ಲ. ಬೇರೆಯವರು ಓಡಿಸಿದ್ರೆ ಕೈಕಾಲು ತಣ್ಣಗಾಗುತ್ತೆ. ಅಣ್ಣನ ಕಾರಲ್ಲಿ ಒಂದ್ಸಲ ಕೂತು, ಕಣ್ಣು ಮುಚ್ಚಿಕೊಂಡು ಬೆಟ್ಟ ಇಳಿದಿದ್ದೀನಿ. ಅಂಚೆ ಬಸ್ಸಿನ ಡ್ರೈವರ್‌ಗೆ ಪ್ರಪಾತದ ಭಯ ಅಂದ್ರೆ ಊರಲ್ಲಿ ತಲೆ ಎತ್ತೋಕಾಗುತ್ತಾ? ತಲೆಸುತ್ತಿನ ಮಾತ್ರೆಗೆ ಲಾದಿನಾ ಹತ್ರ ಗುಟ್ಟಾಗಿ ಹೋಗ್ತಿದ್ದೆ."

ಕಲ್ಲುಗಣಿ, ಡಬ್ಬಗಳು, ಯಾವಾಗಲೂ ಹೊರಗೇ ನಿಂತ ಕುರ್ದಿನ್... ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಬಸ್ಸಿನ ಚಾಲಕನೇ ಓಡಿಸುತ್ತಾನೆಂದು ಅವಳು ಕೇಳದೆಯೇ ಅಂದುಕೊಂಡಿದ್ದಳು. ಈ ಕಣಿವೆಯಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

"ಹಾಗಾದ್ರೆ ಓಡಿಸೋರು?"

"ನಿನಗೆ ರಿವರ್ಸ್ ಕಲಿಸಿದ್ದು ಯಾಕೆ ಅಂದುಕೊಂಡೆ? ಒಬ್ಬರ ಪಕ್ಕದಲ್ಲಿ ಕೂತು ಈ ಬೆಟ್ಟಗಳನ್ನ ನೋಡಬೇಕು ಅಂತ ಆಸೆಯಾಗಿದ್ದು ಇದೇ ಮೊದಲು. ಕೇಳೋಕೆ ಅಂತಾನೇ ಕಚೇರಿಗೆ ಬಂದೆ. ನೀನು ಗಿರಾಕಿ ಅಂದುಬಿಟ್ಟೆ."

ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಬಂದವು. "ನಾನು ನಿನ್ನನ್ನೇ ಪ್ರಪಾತದ ಮೇಲೆ ಕೂರಿಸಿದ್ದೆ, ಕುರ್ದಿನ್. ಒಂಬತ್ತು ಕಿಲೋಮೀಟರ್."

"ಲಕೋಟೆ ತೆಗೆದಾಗಲೇ ನೋಡಿದೆ."

"ನೋಡಿಯೂ ಸುಮ್ಮನಿದ್ದೆಯಾ?"

"ನೀನು ಹಾಕಿದ ದಾರಿ. ಹೋಗೋಣ ಅಂತ ಎರಡು ಮಾತ್ರೆ ಜಾಸ್ತಿ ತಂದಿಟ್ಟುಕೊಂಡೆ."

ಉರ್ಸಿನಾ ಕಿಟಕಿಯ ಅಂಚಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು. ಒಂದು ಬೇಸಿಗೆಯಿಡೀ ಕನ್ನಡಿಯಲ್ಲಿ ಕಂಡ ಕೈ. ಅದು ಅವಳ ಕೈಗಿಂತ ತಣ್ಣಗಿತ್ತು.

ಮೇಲಿನಿಂದ ಮೂರು ಸ್ವರ ಮೊಳಗಿತು. ಕಾದು ಬೇಸತ್ತ ಯಾವುದೋ ಅಜ್ಜಿ ಬಸ್ಸಿನ ಹಾರ್ನ್ ಒತ್ತಿದ್ದಳು. ಇಬ್ಬರೂ ಅಲುಗಲಿಲ್ಲ.

"ಬಂಡೆ ಬಲಕ್ಕೇ ಬರೋ ಹಾಗೆ ಮಾಡಿದ್ದೀನಿ," ಎಂದಳು ಅವಳು. "ಆದ್ರೂ ಎಲ್ಲೋ ಒಂದು ತಿರುವಲ್ಲಿ ಪ್ರಪಾತ ನಿನ್ನ ಕಡೆ ಬಂದೇ ಬರುತ್ತೆ. ಆಗ ಏನ್ಮಾಡ್ತೀಯ?"

"ಪ್ರಪಾತ ನೋಡಲ್ಲ," ಎಂದ ಕುರ್ದಿನ್. "ನಿನ್ನ ಕೈ ಮಾತ್ರ ನೋಡ್ತೀನಿ."