ರೆಕ್ಕೆಯ ಸಂದು

ನನ್ನ ತಮ್ಮ ಗುರುಮಲ್ಲಪ್ಪ ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ, ಅವನು ಜೋಡಿಸುತ್ತಿದ್ದ ಪ್ಲಾಸ್ಟಿಕ್ ವಿಮಾನ ಮೇಜಿನ ಮೇಲೆ ಅರ್ಧಕ್ಕೇ ನಿಂತಿತ್ತು. ರೆಕ್ಕೆಗೂ ಒಡಲಿಗೂ ನಡುವೆ ಉಗುರು ತೂರುವಷ್ಟು ಸಂದು. ಒತ್ತಿ ಅಂಟಿಸಿದರೆ ರೆಕ್ಕೆ ಜೋಲುತ್ತಿತ್ತು. ಹಿಂದಿನ ಸಂಜೆಯಷ್ಟೇ ಅದಕ್ಕಾಗಿ ಜಗಳವಾಡಿದ್ದೆವು.

“ಒಸಿ ಇಬೂತಿ ಕೊಡಣ್ಣ. ಗಮ್ ಜೊತೆ ಕಲ್ಸಿ ತುಂಬುದ್ರೆ ಕಲ್ಲಾಯ್ತದೆ.”

“ಪೂಜೆ ಇಬೂತಿ ನಿನ್ ಆಟದ್ ಸಾಮಾನ್ಗೇನ್ಲಾ? ಮುಟ್ಟುದ್ರೆ ಕೈ ಮುರ್ದ್ಬುಡ್ತೀನಿ!”

“ಶಿವ ನಿನ್ನಷ್ಟು ಜಿಪುಣ ಅಲ್ಲ ಬುಡು,” ಎಂದು ನಕ್ಕಿದ್ದ.

ಅವನನ್ನು ಮಣ್ಣು ಮಾಡಿ ಬಂದು, ವಿಮಾನವಿದ್ದ ಅವನ ಕೋಣೆಗೆ ನಾನೇ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮರುದಿನ ಪೂಜೆಗೆ ಕುಳಿತರೆ ವಿಭೂತಿ ಗಟ್ಟಿಯ ಅಂಚನ್ನು ಯಾರೋ ಕೆರೆದಿದ್ದರು. ಅದು ಬೆಚ್ಚಗಿತ್ತು, ಗಮ್ಮಿನ ವಾಸನೆ ಬರುತ್ತಿತ್ತು. ಆ ವಿಮಾನಕ್ಕೆ ಮೆತ್ತಲು ಕೆರೆದೆಯಾ ಎಂದು ತಮ್ಮನ ಹೆಂಡತಿ ಸುಧಾಮಣಿಯನ್ನು ಗದರಿದೆ.

“ನಾನ್ಯಾಕ್ ಮುಟ್ಲಿ ಬಾವ? ಬೀಗದ್ಕೈ ನಿಮ್ತಾವೇ ಅದಲ್ಲ!”

ಸಿಟ್ಟಿನಲ್ಲೇ ಬೀಗ ತೆಗೆದೆ. ರೆಕ್ಕೆ ನೆಟ್ಟಗೆ ಕೂತಿತ್ತು. ಸಂದಿನ ತುಂಬ ಬೆಳ್ಳಗಿನ ಮೆತ್ತು, ಇನ್ನೂ ಹಸಿಯಾಗಿತ್ತು.

ಬೇಡವೆಂದ ಮೇಲೂ ಪೂಜೆಯ ವಸ್ತು ಮುಟ್ಟಿದ್ದು ಈಗಲೂ ತಪ್ಪೇ. ಶಿವನೇ, ಅವನನ್ನು ಕ್ಷಮಿಸು. ಆ ಕೈಗಳಿಗೆ ಇನ್ನಾದರೂ ವಿಶ್ರಾಂತಿ ಕೊಡು.